ಪರ್ಡಿ ಕಂಪನಿಯ ಎಡಸುತ್ತು

“ಈ ವಾರ ಆಗ್ಲಿಕ್ಕಿಲ್ಲ ಮಾರಾಯ, ನಮ್ಮ ಬೆಕ್ಕಿಗೆ ಹುಷಾರಿಲ್ಲ,” ಅಂದ ಬೋಟು ನಡೆಸುವ ತಾಂಡೇಲ ಕೊಕ್ಕರೆ.

ನನ್ನ ಚಹಾದಂಗಡಿಯಲ್ಲಿ ಆಗ ನಾಲ್ಕೈದು ಜನ ಕೂತಿದ್ದರು. ಒಬ್ಬರೂ ನಗಲಿಲ್ಲ. ಕಪ್ಪಿನೊಳಗೆ ಏನೋ ಬಿದ್ದಿದೆ ಎನ್ನುವ ಹಾಗೆ ಎಲ್ಲರೂ ತಲೆ ಬಗ್ಗಿಸಿಕೊಂಡರು.

“ಬೆಕ್ಕಿಗೂ ಬೋಟು ರಿಪೇರಿಗೂ ಏನ್ ಸ್ವಾಮಿ ಸಂಬಂಧ?” ಎಂದು ಕೇಳಿದ ನಿನಿಯನ್ ಪರ್ಡಿ. “ನಿಮ್ಮ ಬೋಟು ತಳದಲ್ಲಿ ಸೋರ್ತಾ ಇದೆ. ಇಬ್ಬರು ನಿಂತು ನೀರು ಪಂಪು ಮಾಡ್ತಿದ್ದದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ಅಗೋ, ನನ್ನ ಜಾಗ ಖಾಲಿ ಬಿದ್ದಿದೆ. ಇವತ್ತು ತನ್ನಿ, ಭಾನುವಾರದೊಳಗೆ ಇಳಿಸಿ ಕೊಡ್ತೀನಿ.”

“ಅದು ಬೋಟಿನ ಬೆಕ್ಕು,” ಅಂದ ಕೊಕ್ಕರೆ, ಮುಖ ಒಂಚೂರೂ ಸಡಿಲಿಸದೆ. “ಅದಿಲ್ಲದೆ ಬೋಟು ಅಲುಗುದಿಲ್ಲ.” ಟೋಪಿ ಹಾಕಿಕೊಂಡು, ಬಾಗಿಲ ಪಟ್ಟಿಗೆ ಹಣೆ ಬಡಿಯದ ಹಾಗೆ ಉದ್ದ ಕತ್ತು ಬಗ್ಗಿಸಿ ಹೊರಟೇ ಹೋದ.

ಅದರ ಹಿಂದಿನ ವಾರ ಬೇರೊಬ್ಬ ತಾಂಡೇಲ ತನ್ನ ಹೆಂಡತಿಯ ತಂಗಿಯ ಮದುವೆ ಅಂದಿದ್ದ. ಆ ತಂಗಿಗೆ ಮದುವೆಯಾಗಿ ಮೂರು ಮಕ್ಕಳಿದ್ದವು.

ನಮ್ಮ ಪೋರ್ಟ್ ಎಲ್ರಿಕ್‌ನಲ್ಲಿ ಹೀಗೆ. ಬೀದಿಯಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ವಿಲಿಯಂ ಸ್ಲೇಟರ್ ಎನ್ನುವವನಿಗೇ ಬೀಳಬೇಕು. ಇಗರ್ಜಿಯ ಪುಸ್ತಕದಲ್ಲಿ ಎಲ್ಲರೂ ಅದೇ ಹೆಸರಿನವರು. ಹಾಗಾಗಿ ಕೊಕ್ಕರೆ, ತುತ್ತೂರಿ, ಬಿಸ್ಕತ್ತು ಅಂತ ಊರೇ ಒಂದೊಂದು ಅಡ್ಡಹೆಸರು ಕೊಟ್ಟಿತ್ತು. ಅಂಚೆಯವನಿಗೂ ಅದೇ ಹೆಸರು, ಪೊಲೀಸಿಗೂ ಅದೇ ಹೆಸರು. ಅಡ್ಡಹೆಸರಿಲ್ಲದವನು ಈ ಊರಿನವನಲ್ಲ, ಅಷ್ಟೇ. ನಾನು ಗದ್ದೆ ಕಡೆಯಿಂದ ಮದುವೆಯಾಗಿ ಬಂದವಳು. ಬೋಟು ಕಟ್ಟುವ ಧಕ್ಕೆಯ ತುದಿಯಲ್ಲಿ ಚಹಾದಂಗಡಿ ಇಟ್ಟು ವರುಷ ಇಪ್ಪತ್ತರ ಮೇಲಾಯಿತು. ನನ್ನನ್ನು ಬೀನಕ್ಕ ಅನ್ನುತ್ತಾರೆ.

ನಿನಿಯನ್‌ಗೆ ಮಾತ್ರ ಅಡ್ಡಹೆಸರಿರಲಿಲ್ಲ. ‘ಕ್ಲೈಡಿನವ’ ಎನ್ನುತ್ತಿದ್ದರು, ಹವಾಮಾನದ ಬಗ್ಗೆ ಹೇಳುವ ಹಾಗೆ. ಪಶ್ಚಿಮದ ಕ್ಲೈಡ್ ನದಿಯ ದಡದಲ್ಲಿ ಸಾವಿರಾರು ಟನ್ನಿನ ಹಡಗು ಕಟ್ಟಿದ ಕೈ ಅವನದು. ಸಾವಿರದ ಒಂಬೈನೂರ ಮೂವತ್ತೊಂದನೇ ಇಸವಿಯಲ್ಲಿ ಹಡಗು ಕೇಳುವವರಿಲ್ಲದೆ ಅಲ್ಲಿ ಸುತ್ತಿಗೆ ಸದ್ದು ನಿಂತುಹೋಯಿತು. ಬೀದಿ ಬೀದಿ ಗಂಡಸರು ಜೇಬಿನಲ್ಲಿ ಕೈಯಿಟ್ಟುಕೊಂಡು ಮೂಲೆಗಳಲ್ಲಿ ನಿಂತರು. ಅವನ ಹೆಂಡತಿ ಎಲ್ಸ್‌ಪೆಟ್ ನಮ್ಮೂರಿನ ತಾಂಡೇಲ ಬಿಸ್ಕತ್ತಿನ ಒಬ್ಬಳೇ ಮಗಳು. ತಾಯಿ ಯೂಫೀಮಿಯಾ ತೀರಿಕೊಂಡಾಗ ಮಗಳು ಇನ್ನೂ ಚಿಕ್ಕವಳು, ಕ್ಲೈಡ್ ದಡದ ಗ್ರೀನಕ್‌ನಲ್ಲಿದ್ದ ದೊಡ್ಡಮ್ಮನ ಮನೆಯಲ್ಲಿ ಬೆಳೆದಳು. ಗಂಡನನ್ನೂ ಕೈಗೂಸನ್ನೂ ಕರೆದುಕೊಂಡು ಅವಳು ತವರಿಗೆ ಬಂದಳು. “ನಮ್ಮೂರಲ್ಲಿ ಅಷ್ಟೊಂದು ಬೋಟುಗಳಿವೆ, ರಿಪೇರಿ ಮಾಡೋರು ಒಬ್ಬರೂ ಇಲ್ಲ,” ಅಂದಿದ್ದಳಂತೆ. ನಿಜವೇ. ಬೋಟಿನ ತಳ ಒಡೆದರೆ ನಮ್ಮವರು ಅರ್ಧ ದಿನ ಸುತ್ತಿ ದೊಡ್ಡ ಬಂದರಿಗೆ ಹೋಗಬೇಕಿತ್ತು.

ಮೂಡಣ ದಡದಲ್ಲಿ ಹಾಳು ಬಿದ್ದಿದ್ದ, ಮೀನಿಗೆ ಉಪ್ಪು ಹಾಕುವ ಅಂಗಳವನ್ನು ನಿನಿಯನ್ ಹಿಡಿದ. ಅಲ್ಲಿ ನೆಲ ಗಟ್ಟಿ ಬಂಡೆ. ಎದುರಿನ ಪಡುವಣ ದಡ ಬರೀ ಮರಳು, ಇಟ್ಟದ್ದು ನಿಲ್ಲುವುದಿಲ್ಲ. ಬಂಡೆಯ ಮೇಲೆ ಇಳಿಜಾರಾಗಿ ಕಂಬಿ ಹಾಸಿ ನೀರಿನ ಅಡಿಯವರೆಗೂ ಒಯ್ದ. ಕಂಬಿಯ ಮೇಲೆ ಒಂದು ತೊಟ್ಟಿಲ ಗಾಡಿ, ಅದನ್ನು ಬೋಟಿನ ಸಮೇತ ಎಳೆಯುವುದಕ್ಕೆ ಅಬರ್ಡೀನಿನಿಂದ ಬಾಡಿಗೆಗೆ ತಂದ ವಿಂಚು. ‘ಪರ್ಡಿ ಹಡಗು ರಿಪೇರಿ ಕಂಪನಿ’ ಎಂಬ ಬೋರ್ಡು, ನೀಲಿಯ ಮೇಲೆ ಬಿಳಿ. ಜೊತೆಗೆ ಕ್ಲೈಡಿನಿಂದಲೇ ಬಂದ ಡೂಗಲ್ ಎಂಬ ಬಡಗಿ. ಡೂಗಲ್‌ಗೆ ಹಾಡುವ ಚಾಳಿ, ಆದರೆ ಒಂದೇ ಸಾಲು ಬರುತ್ತಿತ್ತು.

ಒಂದು ಕಲ್ಲಿದ್ದಲ ಹಡಗು ಬಂತು. ಡೆನ್ಮಾರ್ಕಿನವರದ್ದೊಂದು ಬಂತು. ಊರಿನ ಬೋಟು ಒಂದೂ ಬರಲಿಲ್ಲ.

ಆದರೆ ಬೋಟು ಒಂದನ್ನು ಬಿಟ್ಟು ಉಳಿದದ್ದೆಲ್ಲ ಬಂತು ನೋಡಿ! ತೂತಾದ ಕೆಟಲಿ, ಬಟ್ಟೆ ಹಿಂಡುವ ಯಂತ್ರ, ಸೈಕಲ್ಲು, ಇಗರ್ಜಿಯ ಗಂಟೆಯ ನಾಲಗೆ, ಒಬ್ಬ ಮುದುಕಿಯ ಕಟ್ಟುಹಲ್ಲು ಕೂಡ. ಹಡಗಿಗೆ ಮೊಳೆ ಜಡಿದ ಕೈಗಳು ಎಲ್ಲಕ್ಕೂ ಹಡಗಿನ ಲೆಕ್ಕದಲ್ಲೇ ರಿಪೇರಿ ಮಾಡಿದವು. ನನ್ನ ಕೆಟಲಿಗೆ ಹಾಕಿದ ಹಿತ್ತಾಳೆ ತೇಪೆ ಕೆಟಲಿಗಿಂತ ಭಾರ. ಹೆಂಗಸರು ಕೂಲಿಯ ಜೊತೆಗೆ ಓಟ್ಸ್ ರೊಟ್ಟಿ, ಹೊಗೆ ಹಾಕಿದ ಮೀನು ಕೊಟ್ಟು ಬರುತ್ತಿದ್ದರು. ಊರಿಗೆ ಅವನ ಮೇಲೆ ಪ್ರೀತಿಯೇ ಇತ್ತು. ಅವನು ಬೋಟು ಮಾತ್ರ ಕೇಳಬಾರದು.

ನಾನು ಒಂದು ಸಲ ಗಂಡನನ್ನು ಕೇಳಿದೆ. ಅವನು, ಆಂಡ್ರಾ, ತಾಂಡೇಲ ಬಿಸ್ಕತ್ತಿನ ‘ಹೀದರ್ ಬೆಲ್’ ಬೋಟಿನಲ್ಲೇ ದುಡಿಯುವವನು. “ಅಲ್ಲಾ, ಆ ಹುಡುಗನ ಹತ್ರ ನಿಮಗೆ ಎಂತ ದ್ವೇಷ?”

ಆಂಡ್ರಾ ಎದ್ದು, ಒಲೆಯ ಕಬ್ಬಿಣದ ಕಾಲನ್ನು ಎರಡು ಬೆರಳಲ್ಲಿ ಮುಟ್ಟಿ, ಹೊರಗೆ ಹೋದ. ಮಳೆ ಬರುತ್ತಿತ್ತು, ಆದರೂ ಹೋದ.

ನನಗೆ ಆಗಲೇ ಹೊಳೆಯಬೇಕಿತ್ತು. ನಮ್ಮ ಕಡಲಿನವರು ಕಬ್ಬಿಣ ಮುಟ್ಟುವುದು ಬಾಯಿಗೆ ಬರಬಾರದ ಮಾತು ಬಂದಾಗ. ಸಾಮನ್ ಮೀನಿನ ಹೆಸರೆತ್ತಿದರೆ, ಹಂದಿ ಎಂದರೆ, ಪಾದ್ರಿ ಎಂದರೆ. ಆದರೆ ಚಹಾ ಮಾರುವವಳಿಗೆ ಕಂಬಿ ಹಾಸಿದ ಇಳಿಜಾರಿನಲ್ಲಿ ಪಾದ್ರಿಯೂ ಹಂದಿಯೂ ಕಾಣಲಿಲ್ಲ.

ಚಳಿಗಾಲ ಕಳೆಯಿತು. ಬೇಸಿಗೆಯ ಹೆರಿಂಗ್ ಮೀನಿನ ಸುಗ್ಗಿ ಶುರುವಾಗುವುದರೊಳಗೆ ಊರಿನ ಬೋಟು ಒಂದಾದರೂ ಏರದಿದ್ದರೆ ವಿಂಚನ್ನು ಬಿಚ್ಚಿಕೊಂಡು ಹೋಗುತ್ತೇವೆ ಎಂದು ಅಬರ್ಡೀನಿನವರು ಹೇಳಿ ಹೋದರು. ವಿಂಚು ಹೋದರೆ ಕಂಪನಿ ಇಲ್ಲ. ಕಂಪನಿ ಇಲ್ಲದಿದ್ದರೆ ಎಲ್ಸ್‌ಪೆಟ್ ಮಗು ಎತ್ತಿಕೊಂಡು ಮತ್ತೆ ಗ್ರೀನಕ್‌ನ ದೊಡ್ಡಮ್ಮನ ಅಟ್ಟಕ್ಕೇ. ಮಗುವಿನ ಹೆಸರು ಫೆಮಿ, ಅಜ್ಜಿ ಯೂಫೀಮಿಯಾಳ ಹೆಸರು. ಬಿಸ್ಕತ್ತು ಆ ಹೆಸರು ಬಾಯಲ್ಲಿ ಹೇಳುತ್ತಿರಲಿಲ್ಲ. ‘ಆ ಸಣ್ಣದು’ ಎನ್ನುತ್ತಿದ್ದ. ಆದರೆ ಆ ಸಣ್ಣದು ಅಂಗಡಿಗೆ ಬರುವ ಹೊತ್ತಿಗೆ ಸರಿಯಾಗಿ ಅವನಿಗೂ ಚಹಾ ಬೇಕಾಗುತ್ತಿತ್ತು.

ಒಂದು ದಿನ ಹೊರಗೆ ಕಡಲ ಮಂಜು ಕವಿದಿತ್ತು. ನಮ್ಮಲ್ಲಿ ವಸಂತ ಬಂದಮೇಲೂ ಹೀಗೇ. ಆಕಾಶದಲ್ಲಿ ಬಿಸಿಲಿದ್ದರೂ ನೀರಿನಿಂದ ಬಿಳಿಯದೇನೋ ಎದ್ದು ಬಂದು ಧಕ್ಕೆಯನ್ನು ನೆಕ್ಕಿಕೊಂಡು ನಿಲ್ಲುತ್ತದೆ. ಒಳಗೆ ಬಂದವರ ಹುಬ್ಬಿನಲ್ಲಿ ನೀರಿನ ಮುತ್ತು. ನಿನಿಯನ್ ಬಂದು ಕೂತ. ಮುಖ ಎಷ್ಟು ಇಳಿದಿತ್ತೆಂದರೆ, ಯಾವತ್ತೂ ಸಕ್ಕರೆ ಬೇಡವೆನ್ನುವವನ ಕಪ್ಪಿಗೆ ಕೇಳದೆಯೇ ಎರಡು ಚಮಚ ಸುರಿದೆ. ಸುರಿದಮೇಲೆ ಕಲಸಬೇಕಲ್ಲ. ಅವನು ಎಡಚ. ಎಡಗೈಯಲ್ಲಿ ಚಮಚ ಹಿಡಿದು ಕನಸಿನಲ್ಲಿದ್ದವನ ಹಾಗೆ ತಿರುಗಿಸತೊಡಗಿದ.

ತುತ್ತೂರಿ ಅಜ್ಜ ಬೆಂಚಿನಾಚೆಯಿಂದ ಹಾರಿ ಬಂದು ಅವನ ಮಣಿಕಟ್ಟು ಹಿಡಿದುಬಿಟ್ಟ.

“ನಿಲ್ಸು! ಎಂತ ಮಾಡ್ತಾ ಇದ್ದಿ?”

“ಸಕ್ಕರೆ ಕಲಸ್ತಾ ಇದೀನಿ ಅಜ್ಜಾ.”

“ಯಾವ ಕಡೆ ಸುತ್ತು?”

“ಸುತ್ತಾ? ಸಕ್ಕರೆಗೆ ಎಂಥಾ ಸುತ್ತು?”

“ಸೂರ್ಯ ಯಾವ ಕಡೆ ಹೋಗ್ತಾನೆ, ಹೇಳು. ಮೂಡಣದಲ್ಲಿ ಎದ್ದು, ತೆಂಕಣದ ಮೇಲೆ ಹಾದು, ಪಡುವಣಕ್ಕೆ ಇಳೀತಾನೆ. ಬಲಸುತ್ತು. ನೀನು ಅವನ ಮುಖಕ್ಕೆ ಹೊಡೆದ ಹಾಗೆ ಎಡಸುತ್ತು ತಿರುಗಿಸ್ತಾ ಇದ್ದಿ. ನಿನ್ನ ಚಹಾ ಎಂತ ಬೇಕಾದ್ರೂ ಆಗ್ಲಿ. ನಾಳೆ ಕಡಲಿಗೆ ಹೋಗುವವರು ಇಲ್ಲಿ ಕೂತಿದ್ದಾರಲ್ಲ!” ಅಜ್ಜನ ದನಿಗೆ ನನ್ನ ಬಟ್ಟಲುಗಳು ಕಿಣಿಕಿಣಿ ಅಂದವು. ಅವನಿಗೆ ತುತ್ತೂರಿ ಎಂದು ಸುಮ್ಮನೆ ಹೆಸರು ಬಂದದ್ದಲ್ಲ.

ನಿನಿಯನ್ ನಕ್ಕ. ನಗುತ್ತ ನಗುತ್ತ ನಗು ನಿಂತಿತು. ಕಪ್ಪಿನಲ್ಲಿ ಚಹಾ ಇನ್ನೂ ಎಡಕ್ಕೇ ಸುತ್ತುತ್ತಿತ್ತು, ಅದನ್ನೇ ನೋಡಿದ. ಆಮೇಲೆ ಕಿಟಕಿಯ ಗಾಜನ್ನು ತೋಳಿನಿಂದ ಒರೆಸಿ ಹೊರಗೆ, ತನ್ನ ಕಂಬಿಗಳು ನೀರಿಗಿಳಿಯುವ ಕಡೆ ನೋಡಿದ.

“ಅಜ್ಜಾ,” ಅಂದ ಮೆಲ್ಲಗೆ. “ಬೋಟೂ ಹಾಗೇನಾ?”

ಬೆಂಚಿನ ಮೇಲೆ ಕೂತಿದ್ದವರ ಕೈಗಳೆಲ್ಲ ಒಟ್ಟಿಗೆ ಚಲಿಸಿದವು. ಒಬ್ಬ ಒಲೆ ಮುಟ್ಟಿದ, ಒಬ್ಬ ಬೂಟಿನ ಲಾಳ ಮುಟ್ಟಿದ. ತುತ್ತೂರಿ ಗೋಡೆಯಲ್ಲಿದ್ದ ಮೊಳೆಯೊಂದನ್ನು ಹಿಡಿದುಕೊಂಡು, “ನಾನೆಂತದ್ದೂ ಹೇಳ್ಲಿಲ್ಲಪ್ಪ,” ಅಂದ. “ಅದು ಹೇಳುವಂಥದ್ದಲ್ಲ.”

ನಿನಿಯನ್ ಎದ್ದು ಹೋದ. ಸ್ವಲ್ಪ ಹೊತ್ತಿಗೆ ನಾನು ಬಾಗಿಲಿಗೆ ಬಂದು ನೋಡಿದರೆ, ಮಂಜಿನೊಳಗೆ ಅವನು ಕಂಬಿಗಳ ನಡುವೆ ನಿಂತಿದ್ದ. ಗುಡ್ಡದ ಕಡೆ ಮುಖ ಮಾಡಿ, ನೀರಿನ ಕಡೆ ಬೆನ್ನು ಹಾಕಿ, ಹಿಂದೆ ಹಿಂದೆ ಹೆಜ್ಜೆಯಿಟ್ಟು ಇಳಿದ. ನೀರಿನಂಚಿಗೆ ಬಂದು ನಿಂತು, ಬಂದರಿನ ಬಾಯಿಯತ್ತ ತಿರುಗಿದ. ಎಡಕ್ಕೆ. ಮತ್ತೆ ಮೇಲೇರಿ, ಮತ್ತೆ ಇಳಿದು, ಮತ್ತೆ ತಿರುಗಿದ. ಮತ್ತೂ ಎಡಕ್ಕೇ. ಆ ಬಿಳುಪಿನಲ್ಲಿ ಅವನು ಯಾರೂ ಕಾಣದ ಜೊತೆಗಾತಿಯೊಡನೆ ಕುಣಿಯುತ್ತಿರುವಂತಿತ್ತು.

ಬೋಟಿನ ಹಿಂಬದಿ ನೀರಿನಲ್ಲಿ ಆಳಕ್ಕೆ ಇಳಿದಿರುತ್ತದೆ, ಮೂತಿ ಹಗುರ. ಅದಕ್ಕೆ ಮೂತಿ ಮೊದಲಾಗಿ ಎಳೆಯುತ್ತಾರೆ; ಇಳಿಯುವಾಗ ಹಿಂಬದಿ ಮೊದಲು. ನಿನಿಯನ್‌ನ ಇಳಿಜಾರು ಮೂಡಣ ದಡದ್ದು, ಬಂದರಿನ ಬಾಯಿ ಬಡಗಣಕ್ಕೆ. ನೀರಿಗಿಳಿದು ಮೂಡಣಕ್ಕೆ ಮುಖ ಮಾಡಿ ತೇಲುವ ಬೋಟು ಕಡಲಿಗೆ ಹೊರಡಬೇಕಾದರೆ ಎಡಕ್ಕೇ ತಿರುಗಬೇಕು. ಬಲದಿಂದ ಸುತ್ತಿ ಬರೋಣವೆಂದರೆ ತೆಂಕಣ ಮೂಲೆಯೆಲ್ಲ ಹೂಳು ತುಂಬಿ ತಿರುಗುವುದಕ್ಕೆ ಜಾಗವಿಲ್ಲ. ಎಂದರೆ, ಪರ್ಡಿ ಕಂಪನಿಯಿಂದ ಹೊರಡುವ ಪ್ರತಿ ಬೋಟೂ ಕಡಲಿಗೆ ಅಪ್ರದಕ್ಷಿಣೆಯಲ್ಲೇ ಹೊರಡಬೇಕು. ನಮ್ಮೂರ ಗಂಡಸು ಅದಕ್ಕಿಂತ ಕೊಡಪಾನದಲ್ಲಿ ಕೂತು ಕಡಲಿಗೆ ಹೋದಾನು.

ಅಂದು ಮನೆಯಲ್ಲಿ ಆಂಡ್ರಾನನ್ನು ಹಿಡಿದು ಕೂರಿಸಿದೆ. “ನಿಂಗೆ ಗೊತ್ತಿತ್ತಾ?”

“ಎಲ್ಲರಿಗೂ ಗೊತ್ತುಂಟು.”

“ಒಬ್ಬರಾದ್ರೂ ಬಾಯಿ ಬಿಡ್ಲಿಕ್ಕಾಗ್ಲಿಲ್ವಾ?”

“ಕೆಟ್ಟದ್ದನ್ನ ಬಾಯಲ್ಲಿ ಹೇಳುದು ಅಂದ್ರೆ ಅದನ್ನ ಹೆಸರು ಹಿಡಿದು ಕರೆದ ಹಾಗೆ ಮಾರಾಯ್ತಿ. ಕರೆದ್ರೆ ಬರ್ತದೆ.”

“ಅವ ಅಡಿಪಾಯ ತೋಡುವಾಗ್ಲಾದ್ರೂ?”

“ಕ್ಲೈಡಿನಲ್ಲಿ ಅಷ್ಟು ದೊಡ್ಡ ಹಡಗು ಕಟ್ಟಿದವ. ಇಷ್ಟು ಗೊತ್ತಿಲ್ಲದೆ ಇರ್ತದಾ? ಏನೋ ಉಪಾಯ ಇಟ್ಕೊಂಡಿದ್ದಾನೆ ಅಂತ ಎಲ್ಲರೂ ಕಾದೆವು.” ಆಂಡ್ರಾ ತಲೆ ಕೆರೆದುಕೊಂಡ. “ಕಾಯ್ತಾ ಕಾಯ್ತಾ ಸಿಮೆಂಟು ಒಣಗಿತು.”

ಮರುದಿನ ನಿನಿಯನ್ ಹೇಳಿದ, ಕ್ಲೈಡಿನಲ್ಲಿ ಹಡಗು ನೀರಿಗೆ ಬಿದ್ದರೆ ಟಗ್ಗುಗಳೆಂಬ ಎಳೆಯುವ ಬೋಟುಗಳು ಬಂದು ಕಿವಿ ಹಿಡಿದು ತಮಗೆ ಬೇಕಾದ ಕಡೆ ತಿರುಗಿಸುತ್ತಿದ್ದವಂತೆ. ಸೂರ್ಯನನ್ನು ಯಾರೂ ಕೇಳುತ್ತಿರಲಿಲ್ಲವಂತೆ. “ಆ ಹೊಗೇಲಿ ಸೂರ್ಯ ಇದಾನೋ ಇಲ್ವೋ ಅನ್ನೋದೇ ಗೊತ್ತಾಗ್ತಿರಲಿಲ್ಲ ಬೀನಕ್ಕಾ.”

“ಗುರೂ, ಹಿಂಬದಿ ಮೊದಲು ಎಳೆದ್ರೆ?” ಅಂದ ಡೂಗಲ್. “ಆಗ ಇಳಿಯೋವಾಗ ಮೂತಿ ಪಡುವಣಕ್ಕಿರುತ್ತೆ. ಬಲಕ್ಕೆ ತಿರುಗಿದ್ರಾಯ್ತು.”

“ಚುಕ್ಕಾಣಿ ತಳದಲ್ಲಿ ಬಂಡೆಗೆ ಸಿಕ್ಕಿ ಮುರಿಯುತ್ತೆ ಕಣೋ. ಬೋಟು ಗಾಡಿ ಮುಟ್ಟೋದೇ ಇಲ್ಲ. ಕಂಬಿ ಇನ್ನೂ ಆಳಕ್ಕೆ ಒಯ್ಯಬೇಕು. ಅದಕ್ಕೆ ಬಂಡೆ ಒಡೀಬೇಕು.” ನಿನಿಯನ್ ಕೈಚೆಲ್ಲಿದ. “ಇಡೀ ಊರನ್ನೇ ಎತ್ತಿ ಆ ದಡಕ್ಕೆ ತಿರುಗಿಸಿ ಇಟ್ಟುಬಿಡೋದು ಸುಲಭ.”

ಎಲ್ಸ್‌ಪೆಟ್ ಪೆಟ್ಟಿಗೆ ಕಟ್ಟತೊಡಗಿದಳು. ಯಾರಿಗೂ ಹೇಳಲಿಲ್ಲ, ಆದರೆ ಅವಳ ಕಿಟಕಿಯ ಪರದೆಗಳು ಒಗೆದು ಹೊರಗೆ ಒಣಗುತ್ತಿದ್ದವು, ಮತ್ತೆ ಕಿಟಕಿಗೆ ಏರಲಿಲ್ಲ. ಹೆಂಗಸರಿಗೆ ಅಷ್ಟು ಸಾಕು.

ನನ್ನ ಅಂಗಡಿ ಉದ್ದಕ್ಕೆ, ಕಿರಿದಾಗಿ, ರೈಲಿನ ಡಬ್ಬಿಯ ಹಾಗಿದೆ. ಎರಡೂ ಕಡೆ ಬೆಂಚು, ಕೊನೆಯಲ್ಲಿ ಒಲೆ. ಮಗುವಿನ ತಳ್ಳುಗಾಡಿ ಒಳಗೆ ತಂದರೆ ತಿರುಗಿಸುವುದಕ್ಕಾಗುವುದಿಲ್ಲ. ಎಲ್ಸ್‌ಪೆಟ್ ದಿನಾಲೂ ಗಾಡಿಯನ್ನು ಒಲೆಯವರೆಗೂ ತಳ್ಳಿಕೊಂಡು ಬರುವಳು, ಹೋಗುವಾಗ ಹಿಂದೆ ಹಿಂದೆ ಎಳೆದುಕೊಂಡು ಹೋಗಿ, ಬಾಗಿಲು ದಾಟಿದಮೇಲೆ ಹೊರಗಿನ ಬಯಲಿನಲ್ಲಿ ತಿರುಗಿಸಿಕೊಳ್ಳುವಳು. ಇದನ್ನು ನಾವು ದಿನಾ ನೋಡುತ್ತಿದ್ದೆವು, ಎಂದರೆ ಯಾರೂ ನೋಡುತ್ತಿರಲಿಲ್ಲ.

ಒಂದು ದಿನ ಬಿಸ್ಕತ್ತು ನೋಡಿದ.

ಅವನು ಒಲೆಯ ಪಕ್ಕ ಕೂತು, ಯಾವಾಗಲೂ ಜೇಬಿನಲ್ಲಿರುವ ಗಟ್ಟಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಿಡಿದುಕೊಂಡಿದ್ದ. ಮಗಳು ಗಾಡಿ ಎಳೆದುಕೊಂಡು ಹೊರಗೆ ಹೋದಳು. ಫೆಮಿ ಅಜ್ಜನನ್ನೇ ನೋಡುತ್ತ, ಮುಖ ಒಳಗೆ, ಬೆನ್ನು ಹೊರಗೆ, ಬೆಳಕಿನೊಳಕ್ಕೆ ಜಾರಿಹೋಯಿತು. ಅದ್ದಿದ ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಬಿಸ್ಕತ್ತಿನ ಕೈಯಿಂದ ಬಿಸ್ಕತ್ತು ಬಿದ್ದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

“ಎಲ್ಸ್‌ಪೆಟ್,” ಅಂದ. “ಇನ್ನೊಂದು ಸಲ ಮಾಡು.”

“ಏನ್ ಮಾಡ್ಲಿ ಅಪ್ಪಾ?”

“ಒಳಗೆ ಬಾ. ಮತ್ತೆ ಈಗ ಹೋದ ಹಾಗೇ ಹೋಗು.”

ಅವಳು ಬಂದಳು, ಹೋದಳು. ಇನ್ನೊಮ್ಮೆ ಅಂದ. ಮತ್ತೆ ಬಂದಳು, ಹೋದಳು. ಫೆಮಿಗೆ ಅದು ಆಟವಾಗಿ ಕೇಕೆ ಹಾಕತೊಡಗಿತು. ಬಿಸ್ಕತ್ತು ಮೇಜಿನ ಮೇಲೆ ನನ್ನ ಬೆಣ್ಣೆಯ ಚಾಕು ಇಟ್ಟು, ಅದನ್ನು ಬೋಟು ಮಾಡಿ, ಸಕ್ಕರೆ ಡಬ್ಬಿಯನ್ನು ಧಕ್ಕೆ ಮಾಡಿ, ಮೆಲ್ಲಗೆ ತಿರುಗಿಸಿದ. ಚಾಕುವಿನ ಹಿಡಿಯನ್ನು, ಎಂದರೆ ಬೋಟಿನ ಹಿಂಬದಿಯನ್ನು, ಪಡುವಣದಿಂದ ಬಡಗಣಕ್ಕೆ ಸರಿಸಿದ. ತುದಿ ಮೂಡಣದಿಂದ ತೆಂಕಣಕ್ಕೆ ಬಂತು. ಬಲಸುತ್ತು. ಹಾಗೇ ಹಿಡಿ ಮುಂದಾಗಿ ಚಾಕು ಬಂದರು ದಾಟಿತು.

“ತುತ್ತೂರಿ,” ಅಂದ, “ಕಡಲಿಗೆ ಹಿಂಬದಿ ಮೊದಲು ಮಾಡಿ ಹೋಗ್ಬಾರ್ದು ಅಂತ ಉಂಟಾ?”

ತುತ್ತೂರಿ ಅಜ್ಜ ಕಣ್ಣು ಮುಚ್ಚಿ ಪೂರ್ವಿಕರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ವಿಚಾರಿಸುವ ಹಾಗೆ ಕೂತ.

“ನನ್ನಜ್ಜ ತಿರುಗುವ ವಿಷಯ ಹೇಳಿದ್ದ,” ಅಂದ ಕೊನೆಗೆ. “ಆ ನಾಲ್ಕು ಕಾಲಿನದ್ದರ ವಿಷಯ ಹೇಳಿದ್ದ. ಕಪ್ಪು ಕೋಟಿನವರ ವಿಷಯ ಹೇಳಿದ್ದ. ಕೆಂಗೂದಲ ಹೆಂಗಸರ ವಿಷಯ ಬಹಳ ಹೇಳಿದ್ದ. ಅಂಡಿನ ವಿಷಯ ಏನೂ ಹೇಳ್ಲಿಲ್ಲ.”

“ನಾಚಿಕೆಗೇಡು ಅಲ್ವಾ ಆದ್ರೂ?” ಅಂದ ಕೊಕ್ಕರೆ. “ಊರಿಗೆಲ್ಲ ಮುಖ ತೋರಿಸ್ತಾ, ಕಡಲಿಗೆ ಬೆನ್ನು ಹಾಕಿ ಹೋಗುದು? ಮೀನು ಎಂತ ಹೇಳೀತು?”

“ಮೀನು ಮಾತಾಡುದಾದ್ರೆ ನಿನ್ನ ಬೆಕ್ಕಿನ ವಿಷಯವೇ ಮೊದಲು ಕೇಳ್ತದೆ,” ಅಂದ ಬಿಸ್ಕತ್ತು. ಎದ್ದು ಸೀದಾ ಬಾಗಿಲಿಗೆ ಹೋಗಿ, ಆಚೆ ದಡದ ಕಡೆ ಕೂಗಿದ. ಇಷ್ಟು ದಿನದಲ್ಲಿ ಅಳಿಯನ ಕಡೆಗೆ ಅವನು ಎತ್ತಿದ ಮೊದಲ ದನಿ ಅದು. “ಏಯ್! ಹೀದರ್ ಬೆಲ್‌ನ ತಳದಲ್ಲಿ ಒಂದು ಹಲಗೆ ಹೋಗಿದೆ. ನೋಡ್ತೀಯಾ ಹೇಗೆ?”

ಆಮೇಲೆ ನನ್ನ ಕಡೆ ತಿರುಗಿ, ಯಾರೋ ಏನೋ ಕೇಳಿದರೆಂಬಂತೆ ಹೇಳಿದ, “ಬೋಟು ನನ್ನದು ಬೀನಿ. ಜೀವ ಅವರದ್ದು. ನಾನೊಬ್ಬ ಎಣಿಸಿದ್ರೆ ಆಗುದಲ್ಲ ಇದು. ಆಂಡ್ರಾನನ್ನೂ ಉಳಿದವರನ್ನೂ ಕೇಳ್ತೇನೆ.”

ಕೇಳಿದ. ಒಬ್ಬೊಬ್ಬರ ಮನೆಗೂ ಹೋಗಿ, ಒಲೆಯ ಮುಂದೆ ಕೂತು, ಬೆಣ್ಣೆ ಚಾಕು ತಿರುಗಿಸಿ ತೋರಿಸಿದ. ಚಾಕು ನನ್ನದು, ವಾಪಸು ಬರುವುದಕ್ಕೆ ಒಂದು ವಾರ ಹಿಡಿಯಿತು.

ಹೀದರ್ ಬೆಲ್ ಏರಿದ ದಿನ ಇಸ್ಕೂಲಿಗೆ ಯಾರೂ ಹೋಗಲಿಲ್ಲ. ಅದು ನೀರಿನಿಂದ ಮೇಲೆದ್ದು ಮೈಯೆಲ್ಲ ನೀರಿಳಿಸಿಕೊಂಡು ನಿಂತಾಗ, ನಮ್ಮ ಗಂಡಸರಲ್ಲೂ ಎಷ್ಟೋ ಜನ ಅದರ ಹೊಟ್ಟೆಯನ್ನು ಮೊದಲ ಸಲ ನೋಡಿದರು. ಟೋಪಿ ತೆಗೆದರು. ನಿನಿಯನ್, ಡೂಗಲ್ ಇಬ್ಬರೂ ಅದರ ಮೇಲೆ ಬಿದ್ದು ಕೆಲಸ ಮಾಡಿದರು. ಹಲಗೆ ಒಂದೇ ಹೋಗಿದ್ದದ್ದು, ಆದರೆ ಸುತ್ತಿಗೆ ಹಿಡಿದ ಕೈ ಹಸಿದಿತ್ತಲ್ಲ! ಸಂದುಗಳಿಗೆಲ್ಲ ಹೊಸ ನಾರು ತುಂಬಿದರು, ಟಾರು ಬಳಿದರು, ಚುಕ್ಕಾಣಿಯ ಕೀಲುಗಳು ಬೆಣ್ಣೆಯ ಹಾಗೆ ತಿರುಗುವಂತೆ ಮಾಡಿದರು. ಡೂಗಲ್ ತನ್ನ ಆ ಒಂದೇ ಸಾಲನ್ನು ಇಡೀ ಬಂದರಿಗೆ ಬಾಯಿಪಾಠ ಮಾಡಿಸಿದ. ಹೆಂಗಸರು ಸಾಲುಗಟ್ಟಿ ಸಾರಿನ ಪಾತ್ರೆ ಹೊತ್ತು ತಂದರು. ಎಲ್ಸ್‌ಪೆಟ್ ಬಂದು ಕೆಳಗಿನಿಂದ ನೋಡಿದಳು. ಹೊಸ ಹಲಗೆಯ ಮೇಲೆ ಮಗುವಿನ ಅಂಗೈ ಒತ್ತಿಸಿದಳು. ಟಾರು ಹಸಿಯಿತ್ತು. ಆ ಪುಟ್ಟ ಕೈಗುರುತು ಹಾಗೇ ನೀರಿನ ಕೆಳಗೆ ಹೋಯಿತು.

ಇಳಿಸುವುದಕ್ಕೆ ಗಾಳಿ ಸತ್ತ ದಿನ ಬೇಕಿತ್ತು, ತುಂಬಿದ ಉಬ್ಬರ ಬೇಕಿತ್ತು. ಹಿಂದಕ್ಕೆ ಓಡುವಾಗ ಚುಕ್ಕಾಣಿ ಮಾತು ಕೇಳುವುದಿಲ್ಲ. ಬಂದರಿನ ಬಾಯಿ ಇಕ್ಕಟ್ಟು, ಎರಡು ಕಡೆಯೂ ಕಲ್ಲು. ಯಂತ್ರವನ್ನು ನಂಬದೆ ಹಗ್ಗ ಹಿಡಿದು ನಡೆಸಬೇಕು. ಅಂಥ ದಿನ ಜೂನ್ ನಡುವಿನಲ್ಲಿ ಸಿಕ್ಕಿತು. ಆ ದಿನಗಳಲ್ಲಿ ನಮ್ಮಲ್ಲಿ ಕತ್ತಲೆ ಬರುವುದೇ ಇಲ್ಲ. ಆಕಾಶ ಬೂದಿಯಾಗಿ, ಹಾಲಾಗಿ, ಮತ್ತೆ ಬೆಳಗಾಗಿಬಿಡುತ್ತದೆ. ಆ ಹಾಲಿನಂಥ ಹೊತ್ತಿನಲ್ಲಿ ಊರೆಲ್ಲ ಧಕ್ಕೆಗೆ ಬಂತು. ಮಂಜು ಮೊಣಕಾಲಿನವರೆಗೆ. ಜನಕ್ಕೆ ಪಾದಗಳಿರಲಿಲ್ಲ, ತೇಲುತ್ತ ಬಂದರು.

ಪಾದ್ರಿಯೂ ಅಂಗಿಯ ತೋಳು ಮಡಚಿಕೊಂಡು ಬಂದ, ಪಾಪ, ಒಳ್ಳೆಯ ಮನುಷ್ಯ. ಎಲ್ಲರ ಕೈ ಕಬ್ಬಿಣ ಹುಡುಕಿತು. ನಾನೇ ಹೋಗಿ, “ಅಯ್ಯಾ, ಅಂಗಡಿಯಲ್ಲಿ ಒಲೆ ನೋಡ್ಕೊಳ್ಳುವವರಿಲ್ಲ, ಹಾಲು ಉಕ್ಕೀತು,” ಎಂದು ಕೈಗೆ ಸೌಟು ಕೊಟ್ಟೆ. ಅವನಿಗೂ ಅರ್ಥವಾಯಿತು. ನಗುತ್ತ ಒಳಗೆ ಹೋದ.

ಹೀದರ್ ಬೆಲ್ ಸದ್ದಿಲ್ಲದೆ ಜಾರಿ ನೀರಿಗಿಳಿದು, ಒಂದು ಸಲ ಮೈ ಮುರಿದು, ತೇಲಿತು. ಹಿಂಬದಿಗೆ ಕಟ್ಟಿದ ಹಗ್ಗಗಳು ಬಂದರಿನ ಬಾಯಿಯ ಎರಡೂ ಬದಿಯ ಧಕ್ಕೆಗಳಿಗೆ ಬಂದವು, ಮೂತಿಗೆ ಕಟ್ಟಿದ್ದು ಒಂದು. ಗಂಡಸರು, ಹೆಂಗಸರು, ಕೊಕ್ಕರೆ ಕೂಡ, ಹಗ್ಗ ಹಿಡಿದೆವು. ನನ್ನ ಅತ್ತೆಯ ಕಾಲದಲ್ಲಿ ಹೆಂಗಸರು ಗಂಡಂದಿರ ಕಾಲು ನೆನೆಯದಿರಲೆಂದು ಬೆನ್ನ ಮೇಲೆ ಹೊತ್ತು ಬೋಟಿಗೆ ಮುಟ್ಟಿಸುತ್ತಿದ್ದರು. ಈಗ ಬೋಟನ್ನೇ ಮುಟ್ಟಿಸುವ ಸರದಿ. ಬಿಸ್ಕತ್ತು ಬೋಟಿನ ಮೇಲೆ ನಿಂತು ಕೈಯೆತ್ತಿದ. ನಡೆದೆವು. ಹಿಂಬದಿ ಮೆಲ್ಲಗೆ ಬಡಗಣಕ್ಕೆ ಬಂತು, ಮೂತಿ ತೆಂಕಣಕ್ಕೆ ಹೊರಳಿತು, ಬಲಸುತ್ತು, ಬಲಸುತ್ತು. ನಿದ್ದೆ ಹೋದ ಮ‌ಗುವನ್ನು ಎತ್ತಿಕೊಂಡು ಕೋಣೆ ದಾಟುವ ಹಾಗೆ ಇಡೀ ಊರು ಆ ಬೋಟನ್ನು ಎತ್ತಿಕೊಂಡು ನಡೆಯಿತು. ನನ್ನ ಆಂಡ್ರಾ ಮೂತಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ಮದುವೆಯಾದ ಮೇಲೆ ಅವನು ಕಡಲಿಗೆ ಹೋಗುವಾಗ ಅವನ ಬೆನ್ನನ್ನಷ್ಟೇ ನೋಡಿದ್ದೆ. ಮೊದಲ ಸಲ ಮುಖ ದೂರವಾಗುವುದನ್ನು ನೋಡಿದೆ. ಅವನಿಗೆ ಅಷ್ಟು ನರೆ ಬಂದದ್ದು ನನಗೆ ಗೊತ್ತೇ ಇರಲಿಲ್ಲ.

ಬಾಯಿ ದಾಟಿದಮೇಲೆ ಹಗ್ಗಗಳನ್ನು ಬಿಟ್ಟರು. ಮಂಜಿನಾಚೆ ಹೀದರ್ ಬೆಲ್ ತೆಂಕಣದಿಂದ ಪಡುವಣಕ್ಕೆ, ಪಡುವಣದಿಂದ ಬಡಗಣಕ್ಕೆ, ಸೂರ್ಯನ ಜೊತೆ ಪೂರಾ ಸುತ್ತಿ, ಕಡಲಿಗೆ ಮುಖ ಕೊಟ್ಟಿತು. ನಿನಿಯನ್ ಹಗ್ಗದ ತುದಿ ಹಿಡಿದುಕೊಂಡೇ ನಿಂತಿದ್ದ. ಎಲ್ಸ್‌ಪೆಟ್ ಬಂದು ಅವನ ಬೆರಳು ಬಿಡಿಸಿದಳು. ಆ ದಿನ ಮಧ್ಯಾಹ್ನ ಅವಳ ಕಿಟಕಿಯಲ್ಲಿ ಪರದೆ ಏರಿತು.

ಕೊಕ್ಕರೆಯ ಬೆಕ್ಕು ಅದೇ ವಾರ ಗುಣವಾಯಿತು. ಇನ್ನೂ ಒಂದೆರಡು ಬೋಟು ಬಂದವು. ಹೀಗೇ ನಡೆದುಹೋಗುತ್ತದೆಂದು ನಾವೆಲ್ಲ ಎಣಿಸಿದ್ದೆವು. ಆದರೆ ಗಾಳಿ ನಮ್ಮ ಮಾತು ಕೇಳುತ್ತದೆಯೇ? ಆಗಸ್ಟಿನಲ್ಲಿ ಒಂದು ಬೋಟು ಇಳಿಯುವುದಕ್ಕೆ ಸತ್ತ ಗಾಳಿಗಾಗಿ ಕಾಯುತ್ತ ಕಾಯುತ್ತ ಗಾಡಿಯ ಮೇಲೇ ಕೂತಿತು. ಅತ್ತ ಹೆರಿಂಗ್ ಬಂದು, ಮಿಂಚಿ, ಹೋಯಿತು. ಆಮೇಲೆ ಯಾರೂ ಧೈರ್ಯ ಮಾಡಲಿಲ್ಲ. ಆ ವರ್ಷ ಹಿಡಿದ ಮೀನನ್ನೂ ಕೇಳುವವರಿಲ್ಲದೆ ಕಡಲಿಗೇ ಸುರಿದರು. ಎಲೆ ಉದುರುವ ಹೊತ್ತಿಗೆ, ಬಾಡಿಗೆ ಬಾಕಿಯೆಂದು, ಅಬರ್ಡೀನಿನವರು ಬಂದು ವಿಂಚು ಬಿಚ್ಚಿಕೊಂಡು ಹೋದರು. ಡೂಗಲ್ ತನ್ನ ಸಾಲನ್ನು ನಮಗೆ ಬಿಟ್ಟು ಹೋದ. ಬೋರ್ಡನ್ನು ನಿನಿಯನ್ ನನಗೆ ಕೊಟ್ಟ. ಅದೇ ಈಗ ನನ್ನ ಅಂಗಡಿಯ ಮೇಜು. ಅವನು ಅದೇ ಅಂಗಳದಲ್ಲಿ ಕುಲುಮೆ ಇಟ್ಟು, ಬೋಟುಗಳು ಧಕ್ಕೆಯಲ್ಲಿದ್ದಾಗಲೇ ಹತ್ತಿ ಯಂತ್ರ ರಿಪೇರಿ ಮಾಡುತ್ತಾನೆ. ಹೊಟ್ಟೆಗೆ ಅಡ್ಡಿಯಿಲ್ಲ.

ಮರುವರ್ಷ ವಸಂತದಲ್ಲಿ ಪೇಂಟು ಮಾರುವವನೊಬ್ಬ ಅಂಗಡಿಗೆ ಬಂದ. ಎಡಿನ್‌ಬರೋದ ಕೋಟು, ಹೊಳೆಯುವ ಪೆಟ್ಟಿಗೆ. ಒಳಗೆ ಯಾವಾಗಿನವರೇ: ತುತ್ತೂರಿ, ಕೊಕ್ಕರೆ, ಒಲೆಯ ಪಕ್ಕ ಬಿಸ್ಕತ್ತು. ಮೂಲೆಯಲ್ಲಿ ನಿನಿಯನ್, ಕೈಯಲ್ಲಿ ಕಪ್ಪು. ಎಲ್ಸ್‌ಪೆಟ್ ನನ್ನ ಹತ್ತಿರ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

“ಪರ್ಡಿ ಅವರ ಹಡಗು ರಿಪೇರಿ ಕಂಪನಿ ಎಲ್ಲಿ ಬರುತ್ತೆ?” ಎಂದು ಕೇಳಿದ.

“ಪರ್ಡಿ?” ಅಂದ ತುತ್ತೂರಿ. “ಹಾಗೆ ಯಾರೂ ಇಲ್ಲಪ್ಪ ಈ ಊರಲ್ಲಿ.”

ನಿನಿಯನ್ ತಲೆಯೆತ್ತಿದ. ಮುಖ ಕಪ್ಪಿಟ್ಟಿತು.

“ಕ್ಲೈಡ್ ಕಡೆಯವರಂತೆ. ಇಲ್ಲಿನ ತಾಂಡೇಲರೊಬ್ಬರ ಅಳಿಯನಂತೆ.”

“ಓಹೋ, ನಮ್ಮ ಹಿಂದುಮುಂದುವಾ!” ಅಂದ ಕೊಕ್ಕರೆ. “ಹಾಗಂತ ಮೊದಲೇ ಹೇಳ್ಬಾರ್ದಾ ಮಾರಾಯ? ಅಗೋ, ಅಲ್ಲೇ ಕೂತಿದ್ದಾನಲ್ಲ ಹಿಂದುಮುಂದು!”

“ಏನಂದ್ರಿ ನನ್ನನ್ನ?” ಅಂದ ನಿನಿಯನ್.

ಜರಡಿ ನಿಂತಿತ್ತು. “ಯಾವಾಗಿಂದ?” ಎಂದು ಮತ್ತೆ ಕೇಳಿದ.

“ಹೀದರ್ ಬೆಲ್ ಇಳಿಸಿದ ಆವತ್ತಿನಿಂದ್ಲೇ,” ಅಂದ ಬಿಸ್ಕತ್ತು, ಚಹಾದೊಳಗೆ ನೋಡುತ್ತ. “ಅಡ್ಡಹೆಸರು ಇಟ್ಟದ್ದನ್ನ ಯಾರೂ ಬಂದು ಹೇಳುದಿಲ್ಲ ಮಗಾ. ಅದು ತಾನಾಗಿಯೇ ಕಿವಿಗೆ ಬೀಳ್ಬೇಕು.”

ಆ ಹೊತ್ತಿಗೆ ಫೆಮಿ ಬೆಂಚಿನಡಿಯಿಂದ ಹೊರಬಂದು ಬಾಗಿಲಿಗೆ ಹೋಗಿತ್ತು. ಮೆಟ್ಟಿಲು ಇಳಿಯಲು ಇನ್ನೂ ಕಲಿಯದ ಕಾಲು. ಹೊರಗೆ ಒಂದು ಮೆಟ್ಟಿಲು, ಅದರ ಪಾಲಿಗೆ ಎತ್ತರದ್ದು. ಅದು ಹೊಸ್ತಿಲ ಮೇಲೆ ನಿಂತು, ಸ್ವಲ್ಪ ಯೋಚಿಸಿ, ನಮ್ಮ ಕಡೆ ತಿರುಗಿ, ಬಾಗಿಲ ಪಟ್ಟಿ ಹಿಡಿದು, ಹಿಂಬದಿ ಮೊದಲು ಮಾಡಿ ಒಂದು ಕಾಲನ್ನು ಕೆಳಕ್ಕೆ ಇಳಿಬಿಟ್ಟಿತು. ಪೇಂಟಿನವನು ಹಿಡಿಯಲು ಎದ್ದ. ತುತ್ತೂರಿ ಅವನ ಕೋಟು ಹಿಡಿದು ಕೂರಿಸಿದ. ಪುಟ್ಟ ಬೂಟು ಗಾಳಿಯಲ್ಲಿ ತಡಕಾಡಿತು, ತಡಕಾಡಿತು, ಕೊನೆಗೆ ಕಲ್ಲು ಮುಟ್ಟಿತು.